ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಹಳೇ ಕಾಲದ ಚರಿತ್ರೆ ಕಲಿಸುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಚರಿತ್ರೆ ಕಲಿಸುವವರಿಗೆ ಬೇರೆ ಕಡೆ ಇಲ್ಲದ ಒಂದು ಕಷ್ಟ ಇದೆ. ಪಾಠಪುಸ್ತಕ ಕೇರಳದ್ದು. ಅದರ ಭಾಷೆ ಕನ್ನಡ. ಮಕ್ಕಳ ಮನೆಮಾತು ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಹೀಗೆ ಯಾವುದೂ ಆಗಿರಬಹುದು. ಪುಸ್ತಕದಲ್ಲಿ ಕೇರಳವನ್ನು ಆಳಿದ ಚೇರರು, ಪೆರುಮಾಳರು ಬರುತ್ತಾರೆ. ಬೇಕಲಕ್ಕೆ ಹೋದರೆ ಕೆಳದಿಯ ನಾಯಕರು ಕಟ್ಟಿದ ಕೋಟೆ ಎದುರಿಗಿದೆ. ಇದರ ನಡುವೆ ಎಂಟೊಂಬತ್ತು ವರ್ಷದ ಮಗುವಿನ ಕೈಗೆ ರಾಜವಂಶಗಳ ಪಟ್ಟಿ ಕೊಟ್ಟರೆ ಅದು ಮಗ್ಗಿಯ ಹಾಗೆ ಬಾಯಿಪಾಠ ಆಗುತ್ತದೆ, ಪರೀಕ್ಷೆ ಮುಗಿದ ವಾರಕ್ಕೆ ಮರೆತೂ ಹೋಗುತ್ತದೆ.

ನಾನು ಹೇಳುವ ದಾರಿ ಇಷ್ಟೇ: ಮೊದಲು ಕುರುಹು, ಆಮೇಲೆ ರಾಜ. ಮಗು ಮುಟ್ಟಿ ನೋಡಬಹುದಾದ ಒಂದು ವಸ್ತುವಿನಿಂದ ಶುರುಮಾಡಿ. "ಇದು ಹಳೆಯದು ಅಂತ ನಮಗೆ ಹೇಗೆ ಗೊತ್ತಾಯ್ತು?" ಎಂಬ ಪ್ರಶ್ನೆಯನ್ನು ಪ್ರತಿ ಪಾಠದಲ್ಲೂ ಕೇಳಿ. ಹೆಸರು, ಇಸವಿ ಎಲ್ಲ ಅದರ ಹಿಂದೆ ಬರಲಿ.

ಹಂತ 1: ಯಾವ ತರಗತಿಗೆ ಎಷ್ಟು?

ಎಲ್‌.ಪಿ. (ಕಿರಿಯ ಪ್ರಾಥಮಿಕ) ವಿಭಾಗದ 3 ಮತ್ತು 4ನೇ ತರಗತಿಯಲ್ಲಿ ಚರಿತ್ರೆ ಬೇರೆ ವಿಷಯವಲ್ಲ, ಪರಿಸರ ಅಧ್ಯಯನದ ಒಳಗೇ ಬರುತ್ತದೆ. ಅಲ್ಲಿ ಮೂರು ಸಂಗತಿ ಸಾಕು. ಯಾವುದು ಮೊದಲು, ಯಾವುದು ಆಮೇಲೆ. ಆಗ ಇಲ್ಲಿ ಜನ ಹೇಗೆ ಬದುಕುತ್ತಿದ್ದರು. ಅದು ನಮಗೆ ಹೇಗೆ ಗೊತ್ತು. ಇಸವಿ ಕಲಿಸುವ ಆತುರ ಬೇಡ. ಯು.ಪಿ. (ಹಿರಿಯ ಪ್ರಾಥಮಿಕ) ವಿಭಾಗದಲ್ಲಿ, ಅಂದರೆ 5ರಿಂದ 7ರವರೆಗೆ, ಸಮಾಜ ವಿಜ್ಞಾನ ಬಂದಾಗ ಶತಮಾನದ ಲೆಕ್ಕ, ಕ್ರಿಸ್ತಪೂರ್ವ, ರಾಜ್ಯಗಳ ಹೆಸರು ಸೇರಿಸಿ. ಕೆಳಗಿನ ಹಗ್ಗ ಮತ್ತು ಹೊಂಡದ ಚಟುವಟಿಕೆಗಳು ಎರಡೂ ಗುಂಪಿಗೆ ಆಗುತ್ತವೆ. ಕೇಳುವ ಪ್ರಶ್ನೆ ಮಾತ್ರ ಬೇರೆ.

ಹಂತ 2: ಜೂನ್ ತಿಂಗಳಲ್ಲೇ ಒಂದು ಹೊಂಡ ತೋಡಿ

ಶಾಲೆ ಶುರುವಾಗುವುದೂ ಮಳೆ ಹಿಡಿಯುವುದೂ ನಮ್ಮಲ್ಲಿ ಒಟ್ಟಿಗೆ. ಆ ಮಳೆಯನ್ನೇ ಪಾಠಕ್ಕೆ ಬಳಸಿಕೊಳ್ಳಿ. ಅಂಗಳದ ಒಂದು ಮೂಲೆಯಲ್ಲಿ ಒಂದು ಅಡಿ ಆಳದ ಹೊಂಡ ತೋಡಿಸಿ. ಅದರಲ್ಲಿ ಕಾಗದ, ಹತ್ತಿ ಬಟ್ಟೆಯ ತುಂಡು, ತಾಳೆ ಅಥವಾ ತೆಂಗಿನ ಗರಿ, ಮರದ ಚೂರು, ಕಬ್ಬಿಣದ ಮೊಳೆ, ಒಂದು ನಾಣ್ಯ, ಮಣ್ಣಿನ ಮಡಕೆಯ ಚೂರು, ಕೆಂಪುಕಲ್ಲಿನ ಚೂರು ಇಷ್ಟನ್ನು ಸಾಲಾಗಿ ಇಟ್ಟು ಮುಚ್ಚಿ. ಯಾವುದು ಎಲ್ಲಿದೆ ಎಂದು ಮಕ್ಕಳೇ ನಕ್ಷೆ ಬರೆದು ಇಟ್ಟುಕೊಳ್ಳಲಿ. ಸುತ್ತ ನಾಲ್ಕು ಗೂಟ ಹೊಡೆಯಿರಿ, ಇಲ್ಲದಿದ್ದರೆ ಮಳೆ ಮುಗಿಯುವಾಗ ಜಾಗವೇ ಸಿಗುವುದಿಲ್ಲ.

ಮುಚ್ಚುವ ಮೊದಲು ಪ್ರತಿಯೊಬ್ಬರೂ ಊಹೆ ಬರೆಯಬೇಕು. ಯಾವುದು ಉಳಿಯುತ್ತದೆ? ಯಾವುದು ಹೋಗುತ್ತದೆ? ನವೆಂಬರ್‌ನಲ್ಲಿ ಹೊಂಡ ತೆರೆಯಿರಿ. ಹುಲ್ಲು ಸವರಿ, ಹಾವು ಚೇಳು ನೋಡಿಕೊಂಡು, ದೊಡ್ಡವರು ಮೊದಲ ಮಣ್ಣು ತೆಗೆಯಲಿ. ಆಮೇಲೆ ಮಕ್ಕಳು ಕೈಯಿಂದ, ಹಳೇ ಬ್ರಷ್‌ನಿಂದ ನಿಧಾನವಾಗಿ ಬಿಡಿಸಲಿ.

ಕಾಗದ ಮುದ್ದೆಯಾಗಿರುತ್ತದೆ ಅಥವಾ ಇರುವುದೇ ಇಲ್ಲ. ಮೊಳೆ ತುಕ್ಕು ಹಿಡಿದಿರುತ್ತದೆ. ಮಡಕೆ ಚೂರು ಇಟ್ಟ ಹಾಗೇ ಇರುತ್ತದೆ. ಇಲ್ಲಿಂದ ಪಾಠ ತಾನಾಗಿ ಬೆಳೆಯುತ್ತದೆ. ವರ್ಷಕ್ಕೆ 3,000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಊರಲ್ಲಿ ಮುಳಿಹುಲ್ಲಿನ ಮಾಡು, ಮರದ ಕಂಬ, ಬಟ್ಟೆ, ಓಲೆಗರಿ ಉಳಿಯುವುದು ಕಷ್ಟ. ನಮ್ಮ ಕೆಂಪು ಮಣ್ಣಿಗೆ ಹುಳಿ ಗುಣ ಇದೆ, ಅದರಲ್ಲಿ ಎಲುಬು ಕೂಡ ಕರಗಿಹೋಗುತ್ತದೆ. ಹಾಗಾಗಿ ಉತ್ತರ ಕೇರಳದಲ್ಲಿ ಬೃಹತ್ ಶಿಲಾಯುಗದ ಜನ ಕೆಂಪುಕಲ್ಲಿನಲ್ಲಿ ಕೊರೆದ ಸಮಾಧಿ ಗುಹೆಗಳನ್ನು ತೆರೆದಾಗ ಸಿಗುವುದು ಹೆಚ್ಚಾಗಿ ಮಡಕೆಗಳು, ಜತೆಗೆ ಕಬ್ಬಿಣದ ಸಾಮಾನು. ಆ ಜನ ಏನು ಹಾಡುತ್ತಿದ್ದರು, ಯಾವ ಬಟ್ಟೆ ಉಡುತ್ತಿದ್ದರು ಎನ್ನುವುದನ್ನು ಮಡಕೆ ಹೇಳುವುದಿಲ್ಲ. ಚರಿತ್ರೆಯಲ್ಲಿ ಗೊತ್ತಿರುವುದು ಕಡಿಮೆ ಯಾಕೆ, ಬಡವರ ಮನೆಗಳಿಗಿಂತ ರಾಜರ ಕೋಟೆಗಳೇ ಯಾಕೆ ಕಾಣುತ್ತವೆ ಎಂದು 4ನೇ ತರಗತಿಯ ಮಗುವೂ ಆಗ ಕೇಳಬಲ್ಲದು. ಇಡೀ ವರ್ಷದಲ್ಲಿ ಒಂದೇ ಚಟುವಟಿಕೆ ಮಾಡಲು ಸಮಯ ಇದೆ ಎಂದಾದರೆ ಇದನ್ನೇ ಮಾಡಿ.

ಓಲೆಗರಿಯನ್ನು ಇನ್ನೊಂದು ರೀತಿಯಲ್ಲೂ ಬಳಸಬಹುದು. ಒಣಗಿದ ಗರಿಯ ಮೇಲೆ ಮೊಳೆಯಿಂದ ಹೆಸರು ಗೀರಿಸಿ, ಎಣ್ಣೆಯಲ್ಲಿ ಕಲಸಿದ ಮಸಿ ಉಜ್ಜಿ ಒರೆಸಿದರೆ ಅಕ್ಷರ ಕಪ್ಪಗೆ ಎದ್ದು ಬರುತ್ತದೆ. ಹಿಂದಿನವರು ಹೀಗೇ ಬರೆಯುತ್ತಿದ್ದರು. ಗರಿ ಹಾಳಾಗುವ ಮೊದಲು ಯಾರಾದರೂ ಕೂತು ಮತ್ತೆ ನಕಲು ಮಾಡಬೇಕಿತ್ತು. ನಕಲು ಮಾಡದ ಪುಸ್ತಕ ಹೋಯಿತು, ಅಷ್ಟೇ.

ಹಂತ 3: ಕಾಲದ ಹಗ್ಗ

"ಸಾವಿರ ವರ್ಷದ ಹಿಂದೆ" ಎಂದರೆ ಮಗುವಿಗೆ ಏನೂ ಕಾಣುವುದಿಲ್ಲ. ಕಾಣುವ ಹಾಗೆ ಮಾಡಬೇಕು. ಸುಮಾರು 46 ಮೀಟರ್ ತೆಂಗಿನ ನಾರಿನ ಹಗ್ಗ ತನ್ನಿ. ಲೆಕ್ಕ ಸುಲಭ: 1 ಸೆಂಟಿಮೀಟರ್ ಎಂದರೆ 1 ವರ್ಷ, 1 ಮೀಟರ್ ಎಂದರೆ 100 ವರ್ಷ. ಹಗ್ಗದ ಒಂದು ತುದಿ "ಇಂದು". ಅಂಗಳದಲ್ಲಿ ಉದ್ದಕ್ಕೆ ಹಾಸಿ, ಬಣ್ಣದ ಬಟ್ಟೆ ಕಟ್ಟುತ್ತಾ ಹೋಗಿ.

ಮೊದಲು ಮಗುವಿನದೇ ವಯಸ್ಸು: 9 ಸೆಂ.ಮೀ. ಬರೀ ಒಂದು ಗೇಣಿನ ಅರ್ಧ! ಅಜ್ಜಿಯ ವಯಸ್ಸು 65 ಸೆಂ.ಮೀ. ಇರಬಹುದು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1 ಸುಮಾರು 70 ಸೆಂ.ಮೀ.ನಲ್ಲಿ ಬರುತ್ತದೆ, ಅಂದರೆ ಅಜ್ಜಿಯ ಗಂಟಿನ ಪಕ್ಕದಲ್ಲೇ. ಇದನ್ನು ನೋಡಿದಾಗ ಮಕ್ಕಳಿಗೆ ಆಶ್ಚರ್ಯ ಆಗುತ್ತದೆ. ಬೇಕಲ ಕೋಟೆ 3.75 ಮೀಟರ್. ವಿಜಯನಗರ ಶುರುವಾದ 1336 ಸುಮಾರು 6.9 ಮೀಟರ್. ಕವಿರಾಜಮಾರ್ಗ ಹುಟ್ಟಿದ ಕಾಲ, ಸುಮಾರು ಕ್ರಿ.ಶ. 850, ಹನ್ನೊಂದೂಮುಕ್ಕಾಲು ಮೀಟರ್. ಇಮ್ಮಡಿ ಪುಲಕೇಶಿಯನ್ನು ಹೊಗಳುವ ಐಹೊಳೆ ಶಾಸನ, 634ನೇ ಇಸವಿ, ಸುಮಾರು 13.9 ಮೀಟರ್. ಹಲ್ಮಿಡಿ ಶಾಸನ ಸುಮಾರು 450, ಅದು ಹದಿನೈದೂಮುಕ್ಕಾಲು. ಅಶೋಕ 23 ಮೀಟರಿನ ಹತ್ತಿರ. ಹರಪ್ಪದ ನಗರಗಳು ಜೋರಾಗಿದ್ದ ಕ್ರಿ.ಪೂ. 2500 ತಲುಪಬೇಕಾದರೆ 45 ಮೀಟರ್ ನಡೆಯಬೇಕು. ಅಲ್ಲಿ ನಿಂತ ಮಗು ತಿರುಗಿ ನೋಡಿದರೆ ತನ್ನ 9 ಸೆಂಟಿಮೀಟರ್ ಕಾಣುವುದೇ ಇಲ್ಲ.

ಕ್ರಿಸ್ತಪೂರ್ವ ಎನ್ನುವುದನ್ನು ಹಗ್ಗದ ಮೇಲೆ ನಿಲ್ಲಿಸಿಯೇ ಕಲಿಸಬೇಕು, ಕಪ್ಪುಹಲಗೆಯಲ್ಲಿ ಅಲ್ಲ. ಸುಮಾರು 20.25 ಮೀಟರಿನಲ್ಲಿ ಕೆಂಪು ಗಂಟು ಕಟ್ಟಿ. ಅಲ್ಲಿಂದ ಈ ಕಡೆ ಬಂದರೂ ಸಂಖ್ಯೆ ಜಾಸ್ತಿ ಆಗುತ್ತದೆ, ಆ ಕಡೆ ಹೋದರೂ ಜಾಸ್ತಿ ಆಗುತ್ತದೆ. ಇಬ್ಬರು ಮಕ್ಕಳು ಬೆನ್ನಿಗೆ ಬೆನ್ನು ಕೊಟ್ಟು ನಿಂತು ಎಣಿಸುತ್ತಾ ನಡೆದರೆ ಐದು ನಿಮಿಷದಲ್ಲಿ ತಲೆಗೆ ಹೋಗುತ್ತದೆ.

ನಾರಿನ ಹಗ್ಗವೇ ಯಾಕೆ ಎಂದರೆ ಅದಕ್ಕೂ ಒಂದು ಕಥೆ ಇದೆ. ಸುಮಾರು 1514ರಲ್ಲಿ ಪೋರ್ಚುಗೀಸ್ ಪ್ರವಾಸಿ ದುವಾರ್ತೆ ಬಾರ್ಬೋಸ ಕುಂಬಳೆಯ ಬಗ್ಗೆ ಬರೆದಿದ್ದಾನೆ. ಇಲ್ಲಿಂದ ಅಕ್ಕಿ ಮಾಲ್ಡೀವ್ಸ್‌ಗೆ ಹೋಗುತ್ತಿತ್ತು, ಅಲ್ಲಿಂದ ಬದಲಿಗೆ ತೆಂಗಿನ ನಾರು ಬರುತ್ತಿತ್ತು. ಹಗ್ಗದಲ್ಲಿ 5.1 ಮೀಟರಿನ ಹತ್ತಿರ ಒಂದು ಗಂಟು ಹಾಕಿ ಇದನ್ನು ಹೇಳಿ. ಶಾಲೆ ವ್ಯಾನಿನ ಕಿಟಕಿಯಿಂದ ಕಾಣುವ ಕುಂಬಳೆಗೆ ಹಡಗು ಬರುತ್ತಿತ್ತು ಎಂದು ಗೊತ್ತಾದರೆ ಸಮುದ್ರವೇ ಬೇರೆಯಾಗಿ ಕಾಣುತ್ತದೆ, ಅಲ್ವಾ?

ಹಂತ 4: ಗಡಿ ಇಲ್ಲದ ನಕ್ಷೆ ಬರೆಯಿರಿ

ಇದು ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಮುಖ್ಯ. ದೊಡ್ಡ ಡ್ರಾಯಿಂಗ್ ಶೀಟಿನಲ್ಲಿ ಸಮುದ್ರದ ದಡ ಎಳೆಯಿರಿ. ಘಟ್ಟ ಬರೆಯಿರಿ. ನೇತ್ರಾವತಿ, ಉಪ್ಪಳ ಹೊಳೆ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಅಂದರೆ ಪಯಸ್ವಿನಿ, ಇಷ್ಟು ನೀಲಿ ಗೆರೆ ಬರಲಿ. ರಾಜ್ಯದ ಗಡಿ ಬೇಡವೇ ಬೇಡ. ಆಮೇಲೆ ಊರುಗಳನ್ನು ಅಂಟಿಸಿ. ತುಳುನಾಡನ್ನು ಆಳಿದ ಆಳುಪರ ಬಾರಕೂರು ಉತ್ತರಕ್ಕೆ. ಉತ್ತರ ಕೇರಳದ ಮೂಷಿಕ ರಾಜರ ಏಳಿಮಲೆ ದಕ್ಷಿಣಕ್ಕೆ. ನಡುವೆ ಕುಂಬಳೆ. ಘಟ್ಟದ ಮೇಲೆ ಕೆಳದಿ, ಇಕ್ಕೇರಿ. ಇನ್ನೂ ದೂರದಲ್ಲಿ ಬಾದಾಮಿ, ಹಂಪಿ. ಕೆಳಗೆ ಕೊಡುಂಗಲ್ಲೂರು, ಕೊಲ್ಲಂ.

ಈ ನಕ್ಷೆ ಗೋಡೆಯಲ್ಲಿ ಇರಲಿ. 1956ರ ಗೆರೆಯನ್ನು ಕೊನೆಗೆ ಪೆನ್ಸಿಲಿನಲ್ಲಿ ಎಳೆದರೆ ಸಾಕು. ನವೆಂಬರ್ 1 ಅದಕ್ಕೆ ಒಳ್ಳೆಯ ದಿನ. ಅವತ್ತು ಕೇರಳ ಪಿರವಿಯೂ (ಕೇರಳ ರಾಜ್ಯ ಹುಟ್ಟಿದ ದಿನ) ಹೌದು, ಕನ್ನಡ ರಾಜ್ಯೋತ್ಸವವೂ ಹೌದು.

"ಶಿವಪ್ಪ ನಾಯಕ ಕರ್ನಾಟಕದವನಾ, ಕೇರಳದವನಾ?" ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಬೇಕಲ ಕೋಟೆ ಕಟ್ಟಿಸಿದ ಈ ಕೆಳದಿ ನಾಯಕನ ಕಾಲದಲ್ಲಿ ಆ ಎರಡು ರಾಜ್ಯಗಳೇ ಇರಲಿಲ್ಲ, ಅವನ ರಾಜಧಾನಿ ಇದ್ದದ್ದು ಈಗಿನ ಶಿವಮೊಗ್ಗ ಜಿಲ್ಲೆಯಲ್ಲಿ, ಅವನ ಆಳ್ವಿಕೆ ಈ ಕರಾವಳಿಗೂ ಬಂದಿತ್ತು ಎಂದು ನೇರವಾಗಿ ಹೇಳಿ. ನಕ್ಷೆ ಎದುರಿಗಿದ್ದರೆ ಇದಕ್ಕಿಂತ ಜಾಸ್ತಿ ವಿವರಿಸಬೇಕಾಗಿಲ್ಲ.

ಪುಸ್ತಕದ ಪಾಠವನ್ನೂ ಹೀಗೇ ಜೋಡಿ ಮಾಡಿ. ಅಶೋಕನ ಪಾಠ ಬಂದಾಗ ಎರಡು ಸಂಗತಿ ಒಟ್ಟಿಗೆ ಹೇಳಿ. ಅವನ ಶಾಸನ ಕೊರೆದ ಬಂಡೆಗಳು ಮಸ್ಕಿ, ಬ್ರಹ್ಮಗಿರಿಯಲ್ಲಿವೆ. ಅವನ ಶಾಸನದಲ್ಲಿ ನೆರೆಯ ಕೇರಳಪುತ್ರರ ಹೆಸರು ಇದೆ. ಇನ್ನೊಂದು ಜೋಡಿ ನನಗೆ ತುಂಬ ಇಷ್ಟ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗ ಇದ್ದ ದಿನಗಳಲ್ಲೇ, 849ರಲ್ಲಿ, ಕೊಲ್ಲಂನ ತರಿಸಾಪ್ಪಳ್ಳಿ ತಾಮ್ರಪಟ ಬರೆದರು. ಒಂದು ಇಗರ್ಜಿಗೆ ಕೊಟ್ಟ ದಾನದ ದಾಖಲೆ ಅದು. ಅದಕ್ಕೆ ಸಾಕ್ಷಿ ಹಾಕಿದವರು ಅರಬಿ, ಪಹ್ಲವಿ (ಹಳೇ ಪರ್ಷಿಯದ ಲಿಪಿ), ಹೀಬ್ರೂ ಲಿಪಿಗಳಲ್ಲಿ ಸಹಿ ಮಾಡಿದ್ದಾರೆ. ಹಗ್ಗದ ಮೇಲೆ ಕವಿರಾಜಮಾರ್ಗವೂ ಈ ತಾಮ್ರಪಟವೂ ಒಂದೇ ಗಂಟಿನಲ್ಲಿ ಬರುತ್ತವೆ. ಒಂದು ಕಡೆ ಕನ್ನಡದ ಕಾವ್ಯದ ಬಗ್ಗೆ ಯೋಚನೆ, ಇನ್ನೊಂದು ಕಡೆ ಬಂದರಿನಲ್ಲಿ ಎಷ್ಟೋ ದೇಶದ ವರ್ತಕರು. ನಮ್ಮ ಮಕ್ಕಳಿಗೆ ಎರಡೂ ತಮ್ಮದೇ.

ಹಂತ 5: ಮಕ್ಕಳ ಕೈಯಿಂದ ಶಾಸನ ಬರೆಸಿ

ಹಲ್ಮಿಡಿ ಶಾಸನದ ಚಿತ್ರ ತೋರಿಸಿ. ಬರೀ 16 ಸಾಲು. ಅಕ್ಷರ ಓದಲು ಆಗುವುದಿಲ್ಲ, ಆದರೂ ಮಕ್ಕಳು ತಮಗೆ ಗೊತ್ತಿರುವ ಅಕ್ಷರದ ಆಕಾರ ಹುಡುಕುತ್ತಾರೆ. ಹುಡುಕಲಿ.

ಆಮೇಲೆ ದಾನ ಶಾಸನದ ಕ್ರಮ ಹೇಳಿ. ಮೇಲೆ ಸೂರ್ಯ ಚಂದ್ರ, ಅಂದರೆ ಅವರು ಇರುವ ತನಕ ಈ ದಾನ ನಿಲ್ಲಬೇಕು ಎಂದು. ಯಾರ ಆಳ್ವಿಕೆ, ಯಾವ ದಿನ, ಯಾರು ಯಾರಿಗೆ ಏನು ಕೊಟ್ಟರು, ಜಾಗದ ಎಲ್ಲೆ ಎಲ್ಲಿ, ಸಾಕ್ಷಿ ಯಾರು. ಕೊನೆಗೆ ಇದನ್ನು ಕೆಡಿಸಿದವರಿಗೆ ಶಾಪ. ಶಾಲೆಯ ನಲ್ಲಿ, ಗ್ರಂಥಾಲಯದ ಕಪಾಟು, ಆಟದ ಅಂಗಳ ಯಾವುದಕ್ಕಾದರೂ ಒಂದು ಶಾಸನ ಬರೆಯಲು ಹೇಳಿ. ಶಾಪದ ಸಾಲನ್ನು ಮಕ್ಕಳು ಬಹಳ ಉತ್ಸಾಹದಿಂದ ಬರೆಯುತ್ತಾರೆ. ಒದ್ದೆ ಆವೆಮಣ್ಣಿನ ಹಲಗೆಯಲ್ಲಿ ಕಡ್ಡಿಯಿಂದ ಬರೆಸಿದರೆ ಇನ್ನೂ ಒಳ್ಳೆಯದು. ಕೈ ನೋಯುವಾಗ ಶಾಸನಗಳು ಯಾಕೆ ಚಿಕ್ಕದಾಗಿ, ವಿಷಯಕ್ಕೆ ಸರಿಯಾಗಿ ಇರುತ್ತವೆ ಎಂದು ತಿಳಿಯುತ್ತದೆ.

ಊರಿನ ದೇವಸ್ಥಾನ, ಬಸದಿಗಳಲ್ಲಿ ನಿಜವಾದ ಶಾಸನ ಇದ್ದರೆ ಅನುಮತಿ ಕೇಳಿ ಕರೆದುಕೊಂಡು ಹೋಗಿ. ಒಂದೇ ನಿಯಮ: ಅಕ್ಷರದ ಮೇಲೆ ಸೀಮೆಸುಣ್ಣ, ಎಣ್ಣೆ, ಕುಂಕುಮ ಹಚ್ಚಬಾರದು, ಬ್ರಷ್‌ನಿಂದ ಉಜ್ಜಬಾರದು. ಬದಿಯಿಂದ ಓರೆಯಾಗಿ ಟಾರ್ಚ್ ಹಿಡಿದರೆ ಸವೆದ ಅಕ್ಷರವೂ ನೆರಳಿನಿಂದ ಎದ್ದು ಕಾಣುತ್ತದೆ.

ಮಂಜೇಶ್ವರ ಗೋವಿಂದ ಪೈ ಅವರ ಹೆಸರನ್ನು ಇಲ್ಲೇ ಹೇಳಬೇಕು. ಮಕ್ಕಳಿಗೆ ಅವರು ಕವಿಯಾಗಿ ಮಾತ್ರ ಗೊತ್ತು. ಶಾಸನ, ಹಳೆಯ ಕಾವ್ಯಗಳನ್ನು ಹಿಡಿದು ಕಾಲ ನಿರ್ಣಯಕ್ಕೆ ವರ್ಷಗಟ್ಟಲೆ ಕೂತ ಸಂಶೋಧಕರೂ ಅವರೇ. ಚರಿತ್ರೆಯ ಕೆಲಸ ಮಾಡುವವರು ನಮ್ಮ ಊರಿನವರೂ ಆಗಬಹುದು ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾಗಿಲ್ಲ.

ಹಂತ 6: ಮೆಣಸು ತೆಗೆದ ಊಟ

ಮಧ್ಯಕಾಲದ ಬದುಕನ್ನು ಯುದ್ಧದಿಂದ ಶುರುಮಾಡಬೇಡಿ, ತಟ್ಟೆಯಿಂದ ಶುರುಮಾಡಿ. ನಿನ್ನೆ ಮನೆಯಲ್ಲಿ ಏನೇನು ಉಂಡಿರಿ ಎಂದು ಪಟ್ಟಿ ಮಾಡಿಸಿ. ಈಗ ಒಂದೊಂದಾಗಿ ಗೀಟು ಹಾಕಿ. ಕೆಂಪು ಮೆಣಸು, ಹಸಿಮೆಣಸು ಹೋಯಿತು. ಟೊಮೆಟೊ, ಆಲೂಗಡ್ಡೆ ಹೋಯಿತು. ಪಪ್ಪಾಯಿ, ಪೇರಳೆ, ಅನಾನಸು, ಮರಗೆಣಸು, ನೆಲಗಡಲೆ ಎಲ್ಲ ಹೋಯಿತು. ಗೇರುಬೀಜವೂ! ಗುಡ್ಡೆ ತುಂಬ ಗೇರುಮರ ನೋಡಿ ಬೆಳೆದ ನಮ್ಮ ಮಕ್ಕಳು ಇದನ್ನು ನಂಬುವುದೇ ಇಲ್ಲ. ಇವೆಲ್ಲ ಅಮೆರಿಕ ಖಂಡದ ಬೆಳೆಗಳು. 1498ರಲ್ಲಿ ವಾಸ್ಕೋ ಡ ಗಾಮ ಕೋಝಿಕ್ಕೋಡಿನ ಹತ್ತಿರ ಇಳಿದ ಮೇಲೆ, ಯುರೋಪಿನವರ ಹಡಗುಗಳ ಜತೆ ಬೇರೆ ಬೇರೆ ಕಾಲದಲ್ಲಿ ಬಂದವು. ಆಲೂಗಡ್ಡೆ, ಟೊಮೆಟೊ ಅಡುಗೆಮನೆಗೆ ಹೊಕ್ಕಿದ್ದು ಇನ್ನೂ ತಡವಾಗಿ. ರಬ್ಬರ್ ತೋಟವಂತೂ ತೀರಾ ಇತ್ತೀಚಿನದು.

ಹಾಗಾದರೆ ಉಳಿದದ್ದೇನು? ಅಕ್ಕಿ, ತೆಂಗಿನಕಾಯಿ, ಹುರುಳಿ, ಹೆಸರು, ಹಲಸು, ಮಾವು, ಬಾಳೆ, ಕೆಸು, ಶುಂಠಿ, ಅರಸಿನ, ಹುಳಿ, ಬೆಲ್ಲ, ಮಜ್ಜಿಗೆ, ಮೀನು. ಖಾರಕ್ಕೆ ಕಾಳುಮೆಣಸು. ಆ ಕಾಳುಮೆಣಸಿಗೇ ಹಡಗುಗಳು ಇಷ್ಟು ದೂರ ಬಂದದ್ದು ಎಂದು ಹೇಳಿದರೆ ವ್ಯಾಪಾರದ ಪಾಠ ಅಲ್ಲೇ ಮುಗಿಯಿತು. ಸಾಧ್ಯವಾದರೆ ಒಂದು ದಿನ ಮಧ್ಯಾಹ್ನದ ಊಟಕ್ಕೆ ಕೆಂಪು ಮೆಣಸು ಹಾಕದೆ ಕಾಳುಮೆಣಸಿನ ಸಾರು ಮಾಡಿಸಿ. ಪತ್ರೊಡೆಯನ್ನೂ ಹಾಗೇ ಮಾಡಿ ನೋಡಬಹುದು.

ಹಂತ 7: ಕೋಟೆಗೆ ಹೋಗುವುದು

ಬೇಕಲ ಕೋಟೆ ಕಾಸರಗೋಡು ಪೇಟೆಯಿಂದ ದಕ್ಷಿಣಕ್ಕೆ ಸುಮಾರು 16 ಕಿ.ಮೀ. ಶಿವಪ್ಪ ನಾಯಕನ ಕಾಲದ್ದು, ಸುಮಾರು 1650. ವಿಸ್ತಾರ 40 ಎಕರೆಯಷ್ಟು. ಡಿಸೆಂಬರ್ ಅಥವಾ ಜನವರಿಯಲ್ಲಿ ಬೆಳಗ್ಗೆ ಬೇಗ ಹೋಗಿ. ಕೆಂಪುಕಲ್ಲಿನ ಮೇಲೆ ಮಧ್ಯಾಹ್ನದ ಬಿಸಿಲು ಮಕ್ಕಳಿಗೆ ತಡೆಯುವುದಿಲ್ಲ.

ಮಾಹಿತಿ ಫಲಕ ನಕಲು ಮಾಡಿಸಬೇಡಿ. ಐದೈದು ಮಕ್ಕಳ ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ಪ್ರಶ್ನೆ ಕೊಡಿ. ಕುಡಿಯುವ ನೀರು ಎಲ್ಲಿಂದ? ಬಾಗಿಲಿಗೆ ಬರುವ ದಾರಿ ಯಾಕೆ ನೇರ ಇಲ್ಲ? ಗೋಡೆಯ ಕಿಂಡಿಗಳು ಯಾಕೆ ಬೇರೆ ಬೇರೆ ಕೋನದಲ್ಲಿವೆ? ನಡುವಿನ ಬುರುಜಿನ ಮೇಲಿಂದ ಏನೇನು ಕಾಣುತ್ತದೆ? ಇಷ್ಟು ದೊಡ್ಡ ಜಾಗದಲ್ಲಿ ಅರಮನೆ ಯಾಕೆ ಇಲ್ಲ? ಕಿಂಡಿಯ ಗುಂಪಿಗೆ ಒಂದು ಉಪಾಯ ಹೇಳಿಕೊಡಿ: ಒಬ್ಬ ಒಳಗಿಂದ ನೋಡಲಿ, ಇನ್ನೊಬ್ಬ ಹೊರಗೆ ದೂರದಿಂದ ಹತ್ತಿರಕ್ಕೆ ನಡೆದು ಬರಲಿ. ಯಾವ ಕಿಂಡಿಯಲ್ಲಿ ಯಾವಾಗ ಕಾಣಿಸುತ್ತಾನೆ ಎಂದು ನೋಡಿದರೆ ದೂರದ ಶತ್ರುವಿಗೆ ಒಂದು, ಹತ್ತಿರದ ಶತ್ರುವಿಗೆ ಇನ್ನೊಂದು ಎಂದು ಮಕ್ಕಳೇ ಕಂಡುಹಿಡಿಯುತ್ತಾರೆ. ಕೆಂಪುಕಲ್ಲನ್ನು ಮುಟ್ಟಿಸಿ. ನೆಲದಿಂದ ಕಡಿಯುವಾಗ ಮೆತ್ತಗಿರುವ ಕಲ್ಲು ಗಾಳಿಗೆ ಗಟ್ಟಿಯಾಗುತ್ತದೆ. ತಮ್ಮ ಮನೆಯ ಗೋಡೆಯೂ ಅದೇ ಕಲ್ಲಿನದು ಎಂದು ಎಷ್ಟೋ ಮಕ್ಕಳಿಗೆ ಆಗಲೇ ಹೊಳೆಯುವುದು.

ಬೇಕಲ ದೂರ ಆಗುವ ಶಾಲೆಗಳಿಗೆ ಕುಂಬಳೆಯ ಆರಿಕ್ಕಾಡಿ ಕೋಟೆ ಇದೆ, ಪಯಸ್ವಿನಿಯ ದಡದಲ್ಲಿ ಚಂದ್ರಗಿರಿ ಕೋಟೆ ಇದೆ. ಚಿಕ್ಕ ಕೋಟೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವುದೂ ಸುಲಭ.

ಹಂತ 8: ಕಥೆಯನ್ನು ಏನು ಮಾಡುವುದು?

ಪರಶುರಾಮ ಕೊಡಲಿ ಎಸೆದು ಸಮುದ್ರ ಹಿಂದಕ್ಕೆ ಹೋದ ಕಥೆ, ಮಧೂರಿನಲ್ಲಿ ಮದರು ಎಂಬ ಹೆಂಗಸಿಗೆ ಮೂರ್ತಿ ಸಿಕ್ಕಿದ ಕಥೆ, ತಳಂಗರೆಯ ಮಾಲಿಕ್ ದೀನಾರ್ ಮಸೀದಿಯ ಕಥೆ, ಕೋಟಿ ಚೆನ್ನಯರ ಪಾಡ್ದನ, ಅಂದರೆ ತುಳುವಿನ ಹಾಡುಗಥೆ. ಮಕ್ಕಳು ಇವನ್ನೆಲ್ಲ ಮನೆಯಿಂದ ತರುತ್ತಾರೆ. "ಅದು ಸುಮ್ನೆ ಕಥೆ" ಎಂದು ಬದಿಗೆ ಸರಿಸಬೇಡಿ. ಶಾಸನದ ಸಾಲಿಗೂ ಸೇರಿಸಬೇಡಿ.

ಎರಡು ಬಣ್ಣದ ಚೀಟಿ ಇಟ್ಟುಕೊಳ್ಳಿ. ಹಸಿರು ಚೀಟಿಯಲ್ಲಿ "ಕುರುಹು ಇದೆ", ಹಳದಿಯಲ್ಲಿ "ಜನ ಹೇಳುತ್ತಾ ಬಂದಿದ್ದಾರೆ". ಯಾವ ಸಂಗತಿಗೆ ಯಾವ ಚೀಟಿ ಎಂದು ಮಕ್ಕಳೇ ತೀರ್ಮಾನಿಸಲಿ, ಕಾರಣ ಹೇಳಲಿ. ಹಳದಿ ಚೀಟಿಗೂ ಬೆಲೆ ಇದೆ. ಊರಿನ ಜನ ಯಾವುದನ್ನು ಮರೆಯಲು ಬಿಡಲಿಲ್ಲ ಎಂದು ಅದು ಹೇಳುತ್ತದೆ. ಪಾಡ್ದನವನ್ನು ತುಳುವಿನಲ್ಲೇ ಹಾಡಲಿ, ಅಜ್ಜನ ಮಾತನ್ನು ಬ್ಯಾರಿಯಲ್ಲೋ ಮಲಯಾಳದಲ್ಲೋ ಹೇಳಲಿ, ಬರೆಯುವಾಗ ಕನ್ನಡದಲ್ಲಿ ಬರೆಯಲಿ. ಮನೆಮಾತಿನಲ್ಲಿ ಹೇಳಲು ಬಿಟ್ಟ ದಿನ ಬಾಯಿ ಬಿಡದ ಮಕ್ಕಳೂ ಮಾತಾಡುತ್ತಾರೆ.

ಒಂದೇ ಬೆಂಚಿನಲ್ಲಿ ಎಲ್ಲ ಮತದ ಮಕ್ಕಳು ಕೂತಿರುತ್ತಾರೆ. ಹಾಗಾಗಿ ಯುದ್ಧದ ಪಾಠವನ್ನು ಒಂದು ಮತ ಇನ್ನೊಂದು ಮತದ ಮೇಲೆ ಬಿದ್ದ ಕಥೆ ಮಾಡಬಾರದು. ಅದು ಚರಿತ್ರೆಗೂ ಸರಿಯಲ್ಲ. ವಿಜಯನಗರದ ಇಮ್ಮಡಿ ದೇವರಾಯ ತನ್ನ ಸೈನ್ಯಕ್ಕೆ ಮುಸ್ಲಿಂ ಸೈನಿಕರನ್ನು ಸೇರಿಸಿಕೊಂಡಿದ್ದ. ಅಲ್ಲಿನ ಕುದುರೆಗಳು ಅರಬರ ಹಡಗಿನಲ್ಲಿ ನಮ್ಮ ಕರಾವಳಿಯ ಬಂದರುಗಳಿಗೆ ಬಂದು ಘಟ್ಟ ಹತ್ತುತ್ತಿದ್ದವು. ಮಂಜೇಶ್ವರದ ಬಸದಿ, ತಳಂಗರೆಯ ಮಸೀದಿ, ಮಧೂರಿನ ಆನೆ ಬೆನ್ನಿನ ಆಕಾರದ ಗುಡಿ ಮೂರನ್ನೂ ಒಂದೇ ನಕ್ಷೆಯಲ್ಲಿ ಗುರುತು ಮಾಡಿಸಿ.

ಹಂತ 9: ಮಗು ಕಲಿತದ್ದು ಹೇಗೆ ಗೊತ್ತಾಗಬೇಕು?

ಇಸವಿ ಕೇಳುವ ಪ್ರಶ್ನೆ ಎಲ್‌.ಪಿ.ಯಲ್ಲಿ ಬೇಡ. ಹತ್ತು ಚಿತ್ರದ ಕಾರ್ಡು ಕೊಟ್ಟು ಹಗ್ಗದ ಮೇಲೆ ಇಡಲು ಹೇಳಿ. ಹತ್ತಿರ ಹತ್ತಿರ ಇಟ್ಟರೆ ಸಾಕು, ಅರ್ಧ ಮೀಟರ್ ಆಚೀಚೆ ಆದರೆ ಪರವಾಗಿಲ್ಲ. ಯು.ಪಿ. ಮಕ್ಕಳಿಗೆ ಒಂದು ವಾಕ್ಯ ಕೊಡಿ, ಅದರಲ್ಲಿ ಏನು ತಪ್ಪಿದೆ ಎಂದು ಕೇಳಿ. ಉದಾಹರಣೆಗೆ: "ಪುಲಕೇಶಿಯ ಅಡುಗೆಯವನು ಸಾರಿಗೆ ಕೆಂಪು ಮೆಣಸು ಹಾಕಿ, ಓಲೆಗರಿಯಲ್ಲಿ ಲೆಕ್ಕ ಬರೆದಿಟ್ಟ. ಆ ಗರಿ ಕಳೆದ ವರ್ಷ ನಮ್ಮ ತೋಟದ ಮಣ್ಣಿನಲ್ಲಿ ಸಿಕ್ಕಿತು." ಮೆಣಸಿನ ತಪ್ಪನ್ನು ಹೆಚ್ಚಿನವರು ಹಿಡಿಯುತ್ತಾರೆ. ಗರಿ ಮಣ್ಣಿನಲ್ಲಿ ಅಷ್ಟು ವರ್ಷ ಉಳಿಯುವುದಿಲ್ಲ, ನಾವು ಹೊಂಡದಲ್ಲಿ ನೋಡಿದ್ದೇವಲ್ಲ ಎಂದು ಬರೆದ ಮಗುವಿಗೆ ಪೂರ್ತಿ ಅಂಕ ಕೊಡಿ, ಕಾಗುಣಿತ ತಪ್ಪಿದ್ದರೂ ಸರಿ.